ಬ್ರೇಕ್ ಆಯಿಲ್ ಕುಡಿದ ರಬ್ಬರ್

ಮುಟ್ಟಿದ ಕೂಡಲೇ ಗಾಜಕ್ಕ ಕೈ ಹಿಂದಕ್ಕೆಳೆದಳು. ಲಾರಿಯ ಮುಂಗಾಜಿನ ಸುತ್ತ ಕೂತಿದ್ದ ರಬ್ಬರ್ ದೂರದಿಂದ ನೋಡಿದರೆ ಹೊಚ್ಚ ಹೊಸದು. ಕಪ್ಪಗೆ, ಉಬ್ಬಿಕೊಂಡು, ಮಿರಮಿರ ಮಿಂಚುತ್ತಿತ್ತು. ಬೆರಳಿಟ್ಟರೆ ಬೆರಳಿಗೇ ಅಂಟಿಕೊಂಡು ಬಂತು. ಎಳೆದಷ್ಟೂ ಎಳೆಎಳೆಯಾಗಿ ಬಂತು. ಅದರ ಮೈಗೆ ಯಾರದೋ ತಲೆಗೂದಲು, ಧೂಳಿನ ಉಂಡೆ, ಸತ್ತ ನೊಣಗಳು ಮೆತ್ತಿಕೊಂಡಿದ್ದವು. ಒಂದು ನೊಣ ಇನ್ನೂ ಸತ್ತಿರಲಿಲ್ಲ, ಕಾಲು ಕಿತ್ತುಕೊಳ್ಳಲು ಒದ್ದಾಡುತ್ತಿತ್ತು. ಅವಳು ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಬ್ರೇಕ್ ಆಯಿಲ್.

"ಥೂ, ಹೇಸಿಗೆ!" ಎಂದು ಬೆರಳನ್ನು ಚಿಂದಿಗೆ ಒರೆಸಿದಳು. ಹೋಗಲಿಲ್ಲ. ಇನ್ನೊಂದು ಚಿಂದಿ ತೆಗೆದುಕೊಂಡಳು. ಅದಕ್ಕೂ ಹೋಗಲಿಲ್ಲ.

ಗಾಜಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಗಾಡಿಗಳಿಗೆ ಗಾಜು ಕೂರಿಸುತ್ತ ಬಂದವಳನ್ನು ಬೀದಿಯವರು ಹಾಗೆ ಕರೆದು ಕರೆದು, ಕೊನೆಗೆ ಅವಳೂ ಅದಕ್ಕೇ ಓಗೊಡತೊಡಗಿದಳು. ರಬ್ಬರಿನ ತೋಡಿನಲ್ಲಿ ದಾರ ಕೂರಿಸಿ, ಸೋಪಿನ ನೀರು ಸವರಿ, ಒಳಗಿನಿಂದ ದಾರ ಎಳೆಯುತ್ತ ಗಾಜನ್ನು ಚೌಕಟ್ಟಿಗೆ ಕೂರಿಸುವುದರಲ್ಲಿ ಅವಳ ಕೈ ಪಳಗಿತ್ತು. ಕಳ್ಳ ಕೆಲಸವೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಒಣಗಿ ಬಿರಿದ ಹಳೇ ರಬ್ಬರಿಗೆ ಬ್ರೇಕ್ ಆಯಿಲ್ ತಿಕ್ಕಿದರೆ ಅದು ಕುಡಿಯುತ್ತದೆ, ಉಬ್ಬುತ್ತದೆ, ಬಿರುಕೆಲ್ಲ ಮುಚ್ಚಿ ಕೆಲವು ದಿನ ಮದುಮಗನ ಹಾಗೆ ಹೊಳೆಯುತ್ತದೆ. ಆಮೇಲೆ ಲೋಳೆಯಾಗಿ ಇಳಿಯುತ್ತದೆ. ಅಷ್ಟರಲ್ಲಿ ಗಾಡಿ ಮಾರಿ ಕೈತೊಳೆದುಕೊಂಡಿರಬೇಕು, ಅಷ್ಟೇ.

ಈ ಲಾರಿ ಅವಳ ಭಾವನದು, ಅಕ್ಕನ ಗಂಡನದು; ನಿಂತಿದ್ದು ಅವರ ಮನೆಯಂಗಳದಲ್ಲಿ. ಭಾವ ಅಂಗಳದ ಆ ಕಡೆಯಿಂದ ಹಲ್ಲು ಕಿರಿಯುತ್ತ ಬಂದ.

"ಹೇಗಿದೆ ನಾದಿನಿ? ಮುದುಕಿಗೆ ಮತ್ತೆ ಪ್ರಾಯ ಬಂದ ಹಾಗಿಲ್ವಾ?"

"ಭಾವ, ಇದನ್ನ ಹಚ್ಚಿದ್ದು ಯಾರು?"

"ನಾನೇ. ಕೂತು ಸಣ್ಣ ಬ್ರಷ್ಷಲ್ಲಿ ಹಚ್ಚಿದೀನಿ. ಅಂಥ ತಾಳ್ಮೆ ನಿನಗೂ ಇಲ್ಲ ಬಿಡು."

"ತಾಳ್ಮೆ ಅಲ್ಲ ಭಾವ, ಇದು ಮೋಸ. ಮೂರು ದಿನ ಕೊಡಿ. ಹೊಸ ರಬ್ಬರ್ ಬೀಡಿಂಗ್ ತಂದು, ಅಳತೆಗೆ ಕತ್ತರಿಸಿ ನಾನೇ ಹಾಕಿಕೊಡ್ತೀನಿ."

"ಮೂರು ದಿನದಲ್ಲಿ ಕೊಳ್ಳೋನ ಮನಸ್ಸು ಬದಲಾದ್ರೆ? ನಾಲ್ಕು ಗಂಟೆಗೆ ಬರ್ತಾನೆ. ಹೊಸ ರಬ್ಬರ್ ನೀನೇ ಹಾಕಿದ್ದು ಅಂತ ಆಗಲೇ ಹೇಳಿಬಿಟ್ಟಿದೀನಿ. ಕೇಳಿದ್ರೆ 'ಹೂಂ' ಅನ್ನು, ಸಾಕು. ನೀನು ನನ್ನ ತಂಗಿ ಇದ್ದ ಹಾಗೆ."

ಕೊಳ್ಳುವವನು ಬೇಕರಿಯ ಯಜಮಾನ. ಹಳೇ ಲಾರಿಯ ಹುಚ್ಚು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೂರು ಸುತ್ತಬೇಕೆಂದು ಆಸೆ ಪಟ್ಟಿದ್ದ. ಕಾಗದಪತ್ರ ಏನೂ ಬೇಡ, ಗಾಜಿನ ವಿಷಯದಲ್ಲಿ ಗಾಜಕ್ಕ ಸರಿ ಅಂದರೆ ಸರಿ ಎಂದು ಎಲ್ಲರೆದುರು ಹೇಳಿದ್ದ.

ಭಾವನ ಮಾತು ಕೇಳುವುದೂ ಆ ರಬ್ಬರ್ ಮುಟ್ಟುವುದೂ ಅವಳಿಗೆ ಒಂದೇ ಅನ್ನಿಸಿತು. ಅದಕ್ಕಿಂತ ಹೆಚ್ಚು ಅಸಹ್ಯ ಅವಳಿಗೆ ತನ್ನ ಮೇಲೇ ಇತ್ತು. ಹೋದ ವರ್ಷ ಇದೇ ಭಾವ ಒಂದು ವ್ಯಾನು ಮಾರುವಾಗ ಅವಳು ಇಂಥದ್ದೇ ಒಂದು 'ಹೂಂ' ಅಂದಿದ್ದಳು. ಕೊಂಡ ಟೈಲರ್ ಎರಡು ತಿಂಗಳಿಗೆ, ಗಾಜಿನ ಸಂದಿಯಿಂದ ಸೋರಿದ ನೀರಿಗೆ ನೆನೆದು ಬೂಸಲು ಹಿಡಿದ ಬಟ್ಟೆಯ ಗಂಟು ತಂದು ಅವಳ ಅಂಗಡಿಯ ಮುಂದೆ ಇಳಿಸಿದ. ಬೈಯದೆ ಗಂಟು ಅಲ್ಲೇ ಬಿಟ್ಟು ಹೋದ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅವಳು ಸೀದಾ ಅಡುಗೆಮನೆಗೆ ಹೋದಳು. ಅಕ್ಕ ಪಾತ್ರೆ ಒರೆಸುತ್ತಿದ್ದಳು. ತಾಯಿ ಹೋದ ಮೇಲೆ ಇವಳಿಗೆ ತಲೆ ಬಾಚಿ, ತುತ್ತು ತಿನ್ನಿಸಿ ದೊಡ್ಡವಳನ್ನು ಮಾಡಿದ್ದು ಇದೇ ಅಕ್ಕ. ಇವಳಿಗೆ ತವರು ಅಂತ ಇದ್ದರೆ ಇದೇ ಮನೆ.

"ಅಕ್ಕಾ, ನನ್ನ ಕೈಲಿ ಆಗಲ್ಲ."

"ಒಂದು ಕಿಟಕಿ ರಬ್ಬರ್ ಕಣೇ! ಹೆಚ್ಚೆಂದ್ರೆ ನಾಲ್ಕು ಹನಿ ನೀರು ಸೋರುತ್ತೆ."

"ನೀರಿನ ಮಾತಲ್ಲ. ಆ ಗಾಜಿಗೆ ಒಂದು ಮೊಳೆ ಇಲ್ಲ, ಒಂದು ಸ್ಕ್ರೂ ಇಲ್ಲ. ಅದನ್ನ ಹಿಡ್ಕೊಂಡಿರೋದೇ ರಬ್ಬರ್. ಈಗ ಅದು ಗೊಣ್ಣೆ ಥರ ಆಗಿದೆ. ಒಂದು ದೊಡ್ಡ ಗುಂಡಿಗೆ ಇಳಿಸಿದ್ರೆ ಇಡೀ ಗಾಜು ಕೂತವರ ಮೈಮೇಲೆ ಬೀಳುತ್ತೆ."

"ನಿಂದು ಯಾವಾಗ್ಲೂ ಅತಿ. ಅಷ್ಟು ಅಪಾಯ ಇದ್ರೆ ಅವರಿಗೆ ಗೊತ್ತಾಗ್ತಿರಲಿಲ್ವಾ? ಅವರೇನು ಕಟುಕರಾ?" ಅಕ್ಕ ಬಟ್ಟೆ ಕೆಳಗಿಟ್ಟಳು. ದನಿ ತಗ್ಗಿತು. "ನೀನು ವ್ಯಾಪಾರ ಕೆಡಿಸಿದ್ರೆ ಈ ಮನೆ ಹೊಸಿಲು ತುಳೀಕೂಡದು ಅಂದಿದಾರೆ. ನಾನೂ ನಿನ್ನ ಮನೆಗೆ ಬರೋ ಹಾಗಿಲ್ಲ. ದಮ್ಮಯ್ಯ, ಒಂದು 'ಹೂಂ' ಅಂದುಬಿಡು."

ತಂಗಿಗೆ ಕೆಟ್ಟದ್ದನ್ನು ಮಾಡು ಅಂತ ಅಕ್ಕನ ಬಾಯಿಂದಲೇ ಹೇಳಿಸುತ್ತಿದ್ದಾನಲ್ಲ ಈ ಮನುಷ್ಯ ಎಂದು ಗಾಜಕ್ಕನಿಗೆ ಮೈಯೆಲ್ಲ ಉರಿಯಿತು. ಕೈಗೆ ಸೋಪು ಹಾಕಿ ತಿಕ್ಕಿದಳು. ಉಗುರಿನ ಸಂದಿಯ ಕಪ್ಪು ಹಾಗೇ ಉಳಿಯಿತು.

ನಾಲ್ಕಕ್ಕೆ ಸರಿಯಾಗಿ ಬೇಕರಿಯವನು ಹೆಂಡತಿಯ ಜೊತೆ ಬಂದ. ಆಕೆ ಹೊಸ ಮನೆ ನೋಡಲು ಬಂದವಳ ಸಡಗರದಲ್ಲಿ ಲಾರಿ ಹತ್ತಿ, ಪಕ್ಕದ ಸೀಟಿನಲ್ಲಿ ಕೂತು, ಗಾಜಿನ ಅಂಚಿಗೆ ಅಂಗೈ ಒತ್ತಿ ಹೊರಗೆ ನೋಡಿ ನಕ್ಕಳು. ಕೈ ತೆಗೆದರೆ ಅಂಗೈ ತುಂಬ ಮಸಿ.

"ಅಯ್ಯೋ, ಇದೇನ್ರೀ ಇದು?"

"ಹೊಸ ರಬ್ಬರ್ ಅಲ್ವಾ ಅಮ್ಮ, ಸ್ವಲ್ಪ ದಿನ ಬಣ್ಣ ಬಿಡುತ್ತೆ," ಎಂದ ಭಾವ. ಕಣ್ಣು ಕೂಡ ಮಿಟುಕಿಸಲಿಲ್ಲ. "ಬೇಕಾದ್ರೆ ನಮ್ಮ ನಾದಿನೀನೇ ಕೇಳಿ."

ಬೇಕರಿಯವನು ಇವಳ ಕಡೆ ತಿರುಗಿದ. "ಹೌದೇನಮ್ಮ?"

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಗಾಜಕ್ಕ ಅವಳ ಮುಖ ನೋಡಿದಳು, ಲಾರಿಯಲ್ಲಿ ಕೂತು ಕರವಸ್ತ್ರದಿಂದ ಅಂಗೈ ಉಜ್ಜಿಕೊಳ್ಳುತ್ತಿದ್ದ ಹೆಂಗಸನ್ನು ನೋಡಿದಳು.

"ಇಲ್ಲ," ಎಂದಳು. "ಹೊಸದಲ್ಲ. ನಾನು ಹಾಕಿದ್ದೂ ಅಲ್ಲ. ನೀವು ಕೆಳಗಿಳೀರಿ ಅಮ್ಮ."

"ಇವಳಿಗೆ ತಲೆ ಕೆಟ್ಟಿದೆ," ಎಂದು ಭಾವ ನಗಲು ನೋಡಿದ. "ಆ ಗಾಜು ಬಂಡೆ ಇದ್ದ ಹಾಗಿದೆ!"

ಗಾಜಕ್ಕ ಲಾರಿ ಹತ್ತಿದಳು, ಆ ಹೆಂಗಸು ಬಿಟ್ಟ ಸೀಟಿನಲ್ಲಿ ಒರಗಿ ಕೂತು ಎರಡು ಪಾದಗಳನ್ನೂ ಗಾಜಿಗೆ ಆನಿಸಿದಳು. ಹಳೇ ಗಾಜು ತೆಗೆಯುವ ಕ್ರಮವೇ ಅದು. ಒಳಗೆ ಒಬ್ಬರು ಕಾಲಿಂದ ನೂಕಬೇಕು, ಹೊರಗೆ ಒಬ್ಬರು ಹಿಡಿದುಕೊಳ್ಳಬೇಕು. ಮುಂಗಾಜು ಎರಡು ಪಾಲಾಗಿದ್ದ ಲಾರಿ ಅದು, ಒಂದೊಂದು ಪಾಲನ್ನು ಒಬ್ಬರೇ ಹಿಡಿಯಬಹುದು. ಆದರೆ ಹೊರಗೆ ಹಿಡಿಯುವವರು ಯಾರೂ ಇರಲಿಲ್ಲ.

"ನಿನ್ನ ಅಕ್ಕನ ಮುಖ ನೋಡು ಒಂದ್ಸಲ!" ಎಂದು ಭಾವ ಕೂಗಿದ. "ಇವತ್ತಿಗೆ ಮುಗೀತು ನಿಮ್ಮಿಬ್ಬರ ಸಂಬಂಧ!"

ಅವಳು ಅಕ್ಕನ ಕಡೆ ನೋಡಿದಳು. ನೂಕಲಾಗಲಿಲ್ಲ.

ಅಕ್ಕ ಬಾಗಿಲು ಬಿಟ್ಟು ಇಳಿದು ಬಂದಳು. ಜನ್ಮದಲ್ಲಿ ಒಂದು ಗಾಜು ಎತ್ತಿದವಳಲ್ಲ. ಲಾರಿಯ ಮುಂದಿನ ಬಂಪರ್ ಹತ್ತಿ ನಿಂತು, ಎರಡೂ ತೋಳು ಚಾಚಿದಳು. ಮುಖದಲ್ಲಿ ಕೋಪವೇ ಇತ್ತು. ತಂಗಿಯ ಮೇಲೋ ಗಂಡನ ಮೇಲೋ ಅವಳಿಗೇ ತಿಳಿದಿರಲಿಕ್ಕಿಲ್ಲ.

"ನೂಕು ನೋಡೋಣ," ಎಂದಳು. "ಬಂಡೆ ಇದ್ದ ಹಾಗಿದ್ರೆ ಬರಲ್ಲ."

ಒದೆಯುವುದೇ ಬೇಕಾಗಲಿಲ್ಲ. ಮೊಣಕಾಲು ಒಂಚೂರು ಚಾಚಿದ್ದಷ್ಟೇ. ಕೆಸರಿನಿಂದ ಕಾಲು ಕೀಳುವಾಗ ಬರುವಂಥ ಸದ್ದು ಬಂತು, ಆ ಪಾಲಿನ ಗಾಜು ಹಾಗೇ ಅಕ್ಕನ ಎದೆಗೆ ಬಂದು ಒರಗಿತು. ಕಪ್ಪು ಲೋಳೆ ಅವಳ ಮೊಣಕೈವರೆಗೆ ಇಳಿಯಿತು. ಬೇಕರಿಯವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು.

ಗಾಜಿನ ಜೊತೆ ಇನ್ನೇನೋ ಉದುರಿತು. ಗಾಜು ಅಲುಗಾಡದಿರಲೆಂದು ರಬ್ಬರಿನೊಳಗೆ ಯಾರೋ ಮಡಿಸಿ ತುರುಕಿದ್ದ ರಟ್ಟಿನ ಚೂರುಗಳು. ಒಂದು ಚೂರು ಅಕ್ಕನ ತೋಳಿಗೇ ಅಂಟಿಕೊಂಡಿತ್ತು. ಅದರ ಮೇಲೆ ಅರ್ಧ ಹೆಸರು, ಹಸಿರು ಪಟ್ಟಿ. ಅವಳು ದಿನಾ ನುಂಗುವ ಎದೆನೋವಿನ ಮಾತ್ರೆಯ ಡಬ್ಬಿ.

ಅಕ್ಕ ಅದನ್ನೇ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ಇದು ಹೋದ ತಿಂಗಳು ಖಾಲಿಯಾದ ಡಬ್ಬಿ, ಅವತ್ತೇ ನೀವು ಇಸ್ಕೊಂಡು ಹೋಗಿದ್ರಿ," ಎಂದಳು. "ಗಾಜು ಅಲ್ಲಾಡ್ತಿದೆ ಅಂತ ಆಗಲೇ ಗೊತ್ತಿತ್ತು ನಿಮಗೆ. ಹೋದ ವಾರ ತಾನೇ ನನ್ನನ್ನ ಇದೇ ಸೀಟಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿಬಂದಿದ್ದು?"

ಭಾವ ಬಿದ್ದ ರಟ್ಟಿನ ಚೂರುಗಳನ್ನು ಕಾಲಿಂದ ಲಾರಿಯ ಕೆಳಗೆ ಸರಿಸಿದ. ಗಾಜಕ್ಕ ಲಾರಿಯಿಂದ ಹಾರಿ ಬಂದು, "ಕೊಡು ಅಕ್ಕ, ಭಾರ," ಎಂದು ಕೈ ಚಾಚಿದಳು. ಅಕ್ಕ ಕೊಡಲಿಲ್ಲ. ಗಾಜನ್ನು ಎದೆಗೆ ಅವುಚಿಕೊಂಡು, ಗಂಡ ಏನು ಹೇಳುತ್ತಾನೋ ಕೇಳಿಯೇ ಇಳಿಯುತ್ತೇನೆ ಎನ್ನುವ ಹಾಗೆ ಅಲ್ಲೇ ನಿಂತಿದ್ದಳು.