ದೇವಕ್ಕನ ಮಾರು

ಶಿರಸಿಯ ಆ ಸಭೆಗೆ ಏಳು ದೇಶದವರು ಬಂದಿದ್ದರು. ವಿಜ್ಞಾನದ ಮಾಹಿತಿ ನಿಜಕ್ಕೂ ಎಲ್ಲರಿಗೂ ತೆರೆದಿದೆಯೇ ಎಂದು ನೋಡಲು ಎಲ್ಲ ದೇಶಗಳಿಗೂ ಒಂದೇ ನಿಯಮಾವಳಿ ಬೇಕಿತ್ತು. ಮಾಹಿತಿ ಕೊಟ್ಟವರು ಅದನ್ನು ತಮ್ಮ ಭಾಷೆಯಲ್ಲಿ ನೋಡಿ ಆಕ್ಷೇಪ ಹೇಳುವಂತಿರಬೇಕು ಎಂಬುದು ಮೂರನೆಯ ನಿಯಮ. ಅದರ ಪರೀಕ್ಷೆಗೆ ಆರಿಸಿದ್ದು ನನ್ನ ಬಾವಿಗಳನ್ನು. ಹನ್ನೆರಡು ಊರು, ಆರು ವರ್ಷದ ನೀರಿನ ಮಟ್ಟ. ನನಗೆ ಡಾಕ್ಟರೇಟ್ ತಂದುಕೊಟ್ಟದ್ದೂ ಅದೇ. 2006ರಲ್ಲೇ ಅಷ್ಟೂ ಅಂಕಿಗಳು ಇಂಟರ್‌ನೆಟ್ಟಿನಲ್ಲಿದ್ದವು. ನಾನು ಬೀಗುತ್ತಿದ್ದೆ, ಸುಳ್ಳೇಕೆ.

ಕೋಲಸಿರ್ಸಿಯ ಬಾವಿಯನ್ನು ಅಳೆದು ಬರೆದಿಟ್ಟವಳು ದೇವಕ್ಕ. ಕನ್ನಡದಲ್ಲಿ ಅಚ್ಚು ಹಾಕಿಸಿದ ಹಾಳೆಯನ್ನು ವೇದಿಕೆಯ ಮೇಲೆ ಅವಳ ಕೈಗಿಟ್ಟೆ. ಕೀನ್ಯಾದ ವಂಜಿಕು ಎಂಬಾಕೆ ಅಧ್ಯಕ್ಷೆ, ದುಭಾಷಿ ನಾನೇ.

ದೇವಕ್ಕ ಬೆರಳಿಟ್ಟು ಓದಿದಳು. ಹುಬ್ಬು ಗಂಟಿಕ್ಕಿತು.

"ತಮಾ, ಎನ್ನ ಬಾವಿನೇ ಇಪ್ಪತ್ತೆರಡು ಅಡಿ. ಅದ್ರಲ್ಲಿ ನೀರು ಇಪ್ಪತ್ನಾಲ್ಕು ಅಡಿ ಕೆಳಗೆ ಹೆಂಗಿರ್ತು?"

"ನೀನೇ ನಾಲ್ಕು ಮಾರು ಹಗ್ಗ ಅಂತ ಬರೆದಿದ್ದೆಯಲ್ಲ ದೇವಕ್ಕ," ಎಂದೆ, ಸ್ವಲ್ಪ ಸಿಡುಕಿಯೇ.

"ಹೌದು. ಎನ್ನ ಮಾರು." ಅವಳು ಎರಡೂ ಕೈ ಚಾಚಿ ನಿಂತಳು. ಬೆರಳ ತುದಿಯಿಂದ ತುದಿಗೆ ಹೆಚ್ಚೆಂದರೆ ಐದಡಿ. ಒಂದು ಮಾರಿಗೆ ಆರಡಿ ಎಂದು ಲೆಕ್ಕ ಹಿಡಿದವನು ನಾನು, ನನ್ನ ತೋಳು ಚಾಚಿ ಅಳೆದು.

ಹನ್ನೆರಡು ಬಾವಿಗೆ ಹನ್ನೆರಡು ಹೆಂಗಸರು. ಹಗ್ಗ ಅಳೆದದ್ದು ಅವರ ತೋಳು, ಪ್ರಬಂಧದಲ್ಲಿ ನಿಂತದ್ದು ನನ್ನ ತೋಳು. ಒಂದು ಅಂಕಿಯೂ ಉಳಿಯುವಂತಿರಲಿಲ್ಲ.

"ಅವ್ಕೆ ಹೇಳು ತಮಾ," ಎಂದಳು ದೇವಕ್ಕ.

ವಂಜಿಕು ಪೆನ್ನು ಹಿಡಿದು ಕಾಯುತ್ತಿದ್ದಳು. ಆಕೆಯ ಮುಂದಿದ್ದ ಹಾಳೆಯಲ್ಲಿ 'ಆಕ್ಷೇಪ' ಎಂಬ ಖಾನೆ ಖಾಲಿಯಿತ್ತು. ಸಭೆಯಲ್ಲಿ ಕನ್ನಡ ಬಲ್ಲವರು ಊಟದ ವ್ಯವಸ್ಥೆಗೆಂದು ಹೊರಗಿದ್ದರು. ನಾನು ಮೈಕು ಹಿಡಿದೆ.

"ತನ್ನ ಮಾಹಿತಿ ತನ್ನ ಭಾಷೆಯಲ್ಲಿ ಕಂಡು ಈಕೆಗೆ ಸಂತೋಷವಾಗಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಆಕ್ಷೇಪವಿಲ್ಲ."

ಏಳು ದೇಶದವರೂ ಚಪ್ಪಾಳೆ ತಟ್ಟಿದರು. ವಂಜಿಕು ಖಾನೆ ತುಂಬಿದಳು. ದೇವಕ್ಕ ಗಾಬರಿಯಾಗಿ ಸುತ್ತ ನೋಡಿದಳು, ಆಮೇಲೆ ಅವಳ ಮುಖ ಅರಳಿತು. ನನ್ನ ಕೈ ಹಿಡಿದುಕೊಂಡಳು.

"ಇಷ್ಟು ಜನರ ಎದ್ರಿಗೆ ತಪ್ಪು ಒಪ್ಕಂಡೆ! ದೊಡ್ಡ ಮನಸು ತಮಾ ನಿಂದು."

ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕೈ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಮತ್ತೆ ಮೈಕು ಎತ್ತಿಕೊಂಡೆ. ಈಕೆ ಹೇಳಿದ್ದು ಅದಲ್ಲ, ನನ್ನ ಅಂಕಿಗಳೆಲ್ಲ ತಪ್ಪು, ಈಗಷ್ಟೇ ನಾನು ನಿಮಗೆ ಸುಳ್ಳು ಹೇಳಿದೆ ಎಂದೆ. ವಂಜಿಕು ಬರೆದದ್ದನ್ನು ಹೊಡೆದು ಹಾಕಿದಳು.

"ಎಂತ ಹೇಳ್ದೆ ತಮಾ?" ದೇವಕ್ಕ ಕೇಳಿದಳು, ನಗುತ್ತಲೇ.

ಅದನ್ನು ಕನ್ನಡದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.