ತಡವಾದ ಕೈ

ಕಳೆದ ವರ್ಷ ಡಿಸೆಂಬರ್ ಇಪ್ಪತ್ತೆಂಟರಂದು ನನ್ನ ಕೊಡತಿ ಮಿಸಾವೊಳ ಎರಡು ಬೆರಳುಗಳ ಮೇಲೆ ಬಿತ್ತು. ಮಿಸಾವೊ ನನ್ನ ಹೆಂಡತಿ. ವರ್ಷದ ಕೊನೆಗೆ ನಮ್ಮ ಓಣಿಯವರೆಲ್ಲ ಸೇರಿ ಹೊಸ ವರ್ಷದ ಮೊಚಿ ಉಂಡೆಗೆ ಹಿಟ್ಟು ಕುಟ್ಟುತ್ತೇವೆ. ಬೇಯಿಸಿದ ಅಂಟಕ್ಕಿಯನ್ನು ಕಲ್ಲೊರಳಿಗೆ ಸುರಿದು ಒಬ್ಬರು ಮರದ ಕೊಡತಿಯಿಂದ ಹೊಡೆಯಬೇಕು, ಇನ್ನೊಬ್ಬರು ಎರಡು ಪೆಟ್ಟಿನ ನಡುವೆ ಒದ್ದೆ ಕೈ ಹಾಕಿ ಹಿಟ್ಟು ಮಗುಚಬೇಕು. ಮಗುಚುವವರು "ಹೊಯ್" ಅಂದಾಗ ಕೊಡತಿ ಬೀಳಬೇಕು, ಕೊಡತಿ ಎದ್ದಾಗ ಕೈ ಒಳಗೆ ಹೋಗಬೇಕು. ಮೂವತ್ತೊಂದು ವರ್ಷ ಅವಳು ಕೂಗಿದ್ದಾಳೆ, ನಾನು ಹೊಡೆದಿದ್ದೇನೆ.

ಪೆಟ್ಟು ಬಿದ್ದರೆ ಮಗುಚುವವರ ಕೈಯೇ ತಡವಾಯಿತು ಅನ್ನುವುದು ಓಣಿಯ ರೂಢಿ. ಕೊಡತಿ ಹಿಡಿದವನನ್ನು ಯಾರೂ ಏನೂ ಕೇಳುವುದಿಲ್ಲ. ಅಂದೂ ಹಾಗೆಯೇ ಆಯಿತು. "ಮಿಸಾವೊಸಾನ್‌ಗೂ ವಯಸ್ಸಾಯ್ತಲ್ಲಪ್ಪ" ಅಂದರು ಓಣಿಯವರು. ನಾನೂ ಹೌದೆಂದು ತಲೆಯಾಡಿಸಿದೆ.

ಬೆರಳು ಎರಡು ತಿಂಗಳಲ್ಲಿ ವಾಸಿಯಾಯಿತು. ಈ ವರ್ಷ ನವೆಂಬರಿನಲ್ಲಿ ಓಣಿಯ ಸಂಘದ ಅಧ್ಯಕ್ಷ ಹಾತಾನಾಕಾ ಪಟ್ಟಿ ಹಿಡಿದುಕೊಂಡು ಬಂದ. ಅವನು ಸ್ನಾನದ ಮನೆಗೆ ಹೋಗುವಾಗಲೂ ಕೈಯಲ್ಲಿ ಒಂದು ಪಟ್ಟಿ ಇಟ್ಟುಕೊಳ್ಳುವ ಆಸಾಮಿ.

"ಈ ಸಲ ಮಗುಚೋಕೆ ಹೂವಿನಂಗಡಿ ರಿತ್ಸುನ ಹಾಕಿದೀವಿ. ನೀವು ಆರಾಮಾಗಿ ಕೂತು ಉಂಡೆ ಕಟ್ಟಿ, ಮಿಸಾವೊಸಾನ್. ಬೇಜಾರಿಲ್ಲ ತಾನೆ?"

"ಬೇಜಾರೇನು ಬಂತು. ಟೀ ಕುಡೀರಿ" ಅಂದಳು ಮಿಸಾವೊ. ಅವನು ಹೋದ ಮೇಲೆ ಒಂದೇ ಲೋಟವನ್ನು ತುಂಬಾ ಹೊತ್ತು ತೊಳೆದಳು. ಆ ಒರಳಿನ ಪಕ್ಕ ಮಂಡಿಯೂರಿ ಕೂರುವುದೊಂದೇ ಅವಳು ವರ್ಷವಿಡೀ ಆಸೆಯಿಂದ ಕಾಯುತ್ತಿದ್ದ ಕೆಲಸ.

ಅವಳು ಜಗಳವಾಡದೆ ಒಪ್ಪಿಕೊಂಡದ್ದಕ್ಕೆ ಕಾರಣವಿತ್ತು. ತನ್ನ ಕೈಯನ್ನು ತಾನೇ ಪರೀಕ್ಷೆಗೆ ಹಚ್ಚಿ ನೋಡಿದ್ದಳು. ಅವಳ ತಾಯಿಗೆ ತೆನ್ನೊಜಿ ಬಡಾವಣೆಯ ಹಿಂದಿನ ಬೀದಿಯಲ್ಲಿ ಮಿಠಾಯಿ ಅಂಗಡಿಯಿತ್ತು. ಅಂಗಡಿಯ ಮುಂದೆ ಒಂದು ವಿಡಿಯೊ ಆಟದ ಯಂತ್ರ ನಿಲ್ಲಿಸಿದ್ದರು. ಪರದೆಯ ಮೇಲೆ ಕತ್ತಲಾದ ಗದ್ದೆಯ ನೀರಿನಲ್ಲಿ ಚಂದ್ರಗಳು ಒಂದಾದ ಮೇಲೊಂದು ತೇಲುತ್ತವೆ, ಮುಳುಗುತ್ತವೆ. ಒಂದು ನರಿ ಚಂದ್ರನಿಂದ ಚಂದ್ರನಿಗೆ ಹಾರುತ್ತಾ ಆಚೆ ದಡ ಸೇರಬೇಕು. ಒಂದೇ ಗುಂಡಿ. ಚಂದ್ರ ಪೂರ್ತಿ ಮೇಲೆದ್ದ ಕ್ಷಣ ಒತ್ತಿದರೆ ಬದುಕಿತು, ಇಲ್ಲವಾದರೆ ಗುಳುಂ. ಹತ್ತೊಂಬತ್ತರ ಮಿಸಾವೊ ಏಪ್ರನ್ ಕಟ್ಟಿಕೊಂಡು, ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಲೇ, ಆ ನರಿಯನ್ನು ನಲವತ್ತು ಚಂದ್ರ ದಾಟಿಸುತ್ತಿದ್ದಳು. ನಾನು ಅವಳಿಗಿಂತ ಒಂದು ವರ್ಷ ಚಿಕ್ಕವನು, ಅವಸರಪಟ್ಟು ಮೊದಲೇ ಒತ್ತಿ ಎರಡನೆಯ ಚಂದ್ರನಿಗೇ ಮುಳುಗುತ್ತಿದ್ದವನು. ಮದುವೆಯಾದದ್ದು ಆ ಕೈಗೆ ಮರುಳಾಗಿ ಎಂದು ಈಗಲೂ ಹೇಳುತ್ತೇನೆ.

ಈ ಬೇಸಿಗೆಯಲ್ಲಿ ಅವಳು ಹಳೆಯ ಆಟಗಳನ್ನು ತುಂಬಿಟ್ಟ ಅಂಗೈಯಗಲದ ಪೆಟ್ಟಿಗೆಯೊಂದನ್ನು ತಂದು ನಮ್ಮ ಚಪ್ಪಟೆ ಟಿವಿಗೆ ಸಿಕ್ಕಿಸಿದಳು. ಅದರಲ್ಲಿ ನರಿಯೂ ಇತ್ತು. ಹಾರಿಸಿದಳು, ಮುಳುಗಿತು. ಮತ್ತೆ ಹಾರಿಸಿದಳು, ಮತ್ತೆ ಮುಳುಗಿತು. ಹದಿನೈದು ದಿನ ಬಿಡದೆ ಮುಳುಗಿಸಿ, ಕೊನೆಗೆ ಪೆಟ್ಟಿಗೆಯನ್ನು ಕಪಾಟಿನೊಳಗೆ ಇಟ್ಟಳು.

"ನೋಡಿದ್ಯಲ್ಲ ತೆತ್ಸು. ಓಣಿಯವರು ಹೇಳೋದು ಸುಳ್ಳಲ್ಲ. ನನ್ ಕೈ ಮುಗೀತು."

ಪಟ್ಟಿ ಬಂದ ಮಾರನೆಯ ದಿನ ನನ್ನ ಸೈಕಲ್ ರಿಪೇರಿ ಅಂಗಡಿಯ ಬಾಗಿಲು ಎಳೆದು ನಿಪ್ಪೊಂಬಾಶಿಯ ಎಲೆಕ್ಟ್ರಾನಿಕ್ಸ್ ಪೇಟೆಗೆ ಹೋದೆ. ಅತ್ತೆಯ ಕಾಲದ ಯಂತ್ರದ ಹಸಿರು ಸರ್ಕ್ಯೂಟ್ ಬೋರ್ಡನ್ನು ಮಿಸಾವೊ ಪತ್ರಿಕೆಯಲ್ಲಿ ಸುತ್ತಿ ಇಟ್ಟಿದ್ದಳು, ಅದನ್ನೇ ಚೀಲಕ್ಕೆ ಹಾಕಿಕೊಂಡಿದ್ದೆ. ಅದಕ್ಕೆ ಜೀವ ಬರಿಸಿ ಅವಳ ಮುಂದಿಡೋಣ, ಒಂದಿಷ್ಟು ನಗಲಿ, ಅಷ್ಟೇ ನನ್ನ ಆಸೆ. ಬೇರೆ ಯಾವ ಯೋಚನೆಯೂ ನನ್ನ ತಲೆಯಲ್ಲಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಹಳೆಯ ಬಿಡಿಭಾಗಗಳ ಅಂಗಡಿಯ ಕುಸುನೋಕಿ ಬೋರ್ಡನ್ನು ದೀಪಕ್ಕೆ ಹಿಡಿದು ನೋಡಿ, ಸತ್ತ ಮೀನನ್ನು ಕೆಳಗಿಡುವಂತೆ ಮೆಲ್ಲಗೆ ಕೆಳಗಿಟ್ಟ.

"ಇದು ಏಳಲ್ಲ ಅಣ್ಣಾ. ಆದ್ರೆ ಆಟ ಇರೋ ಚಿಪ್‌ಗಳು ಚೆನ್ನಾಗಿವೆ, ಆಟಾನ ಓದಿ ಕಾರ್ಡಿಗೆ ಇಳಿಸಿ ಕೊಡ್ತೀನಿ. ಮನೇಲಿ ಈಗ ಯಾವುದ್ರಲ್ಲಿ ಆಡ್ತಿದೀರಾ?"

ಪೆಟ್ಟಿಗೆಯ ವಿಷಯ ಹೇಳಿದೆ. ಅವನು ನಕ್ಕುಬಿಟ್ಟ.

"ಅದು ನಾಟಕದವನು! ಹಳೇ ಮಷೀನು ಏನ್ ಮಾಡ್ತಿತ್ತು ಅಂತ ನೆನಪು ಮಾಡ್ಕೊಂಡು ಮಾಡ್ಕೊಂಡು ನಟಿಸುತ್ತೆ. ನೀವು ಗುಂಡಿ ಒತ್ತಿದ್ದು ಅದಕ್ಕೆ ತಿಳಿಯೋ ಹೊತ್ತಿಗೆ ಚಂದ್ರ ಮುಳುಗಿರುತ್ತೆ. ಚಪ್ಪಟೆ ಟಿವಿ ಅಂತೂ ಚಿತ್ರಾನ ಒಂಚೂರು ತನ್ನ ಹತ್ರಾನೇ ಇಟ್ಕೊಂಡು ಆಮೇಲೆ ತೋರಿಸುತ್ತೆ."

"ಹಂಗಾದ್ರೆ ತಪ್ಪು ಕೈದಲ್ವಾ?"

"ಇರಬಹುದು, ಇಲ್ದೇನೂ ಇರಬಹುದು. ಆ ಡಬ್ಬಿಲಿ ಹೇಳೋಕಾಗಲ್ಲ. ಇದನ್ನ ತಗೊಂಡೋಗಿ." ಕೈಯಗಲದ ಇನ್ನೊಂದು ಬೋರ್ಡು ತೆಗೆದ. "ಇದರಲ್ಲಿರೋ ಚಿಪ್‌ಗೆ ಸ್ವಂತ ರೂಪ ಇಲ್ಲ. ಹಳೇ ಬೋರ್ಡಿನ ನಕ್ಷೆ ಕೊಟ್ರೆ ಒಳಗಿನ ದಾರಿಗಳನ್ನೆಲ್ಲ ಹಂಗೇ ಜೋಡಿಸ್ಕೊಂಡು ಆ ಬೋರ್ಡೇ ಆಗೋಗುತ್ತೆ. ನಟನೆ ಅಲ್ಲ ಅಣ್ಣಾ, ಮೈಮೇಲೆ ಬರೋದು. ಆದ್ರೆ ಹಳೇ ದಪ್ಪ ಟಿವಿಗೇ ಹಾಕಿ."

ಆ ಬೋರ್ಡು, ಅದರ ಬೆನ್ನಿಗೆ ಮೆಮೊರಿಯ ಬಿಲ್ಲೆ, ಮೇಲೊಂದು ಪುಟ್ಟ ಫ್ಯಾನು, ಉಗುರಿನಷ್ಟು ಕಾರ್ಡು, ಗುಂಡಿಯ ಪೆಟ್ಟಿಗೆ. ಇಷ್ಟನ್ನು ಸಂಸಾರ ಹೂಡಿದಂತೆ ಹೂಡಲು ನನಗೆ ಒಂಬತ್ತು ದಿನ ಬೇಕಾಯಿತು. ಮೊದಲು ಕಾರ್ಡಿನಲ್ಲಿ ನಕ್ಷೆಯನ್ನು ಒಂದು ಕಡೆ, ಆಟವನ್ನು ಇನ್ನೊಂದು ಕಡೆ ಇಡದೆ ಎಲ್ಲವನ್ನೂ ಒಂದೇ ರಾಶಿ ಹಾಕಿದ್ದೆ, ಯಂತ್ರ ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಆಮೇಲೆ ತಪ್ಪು ತಂತಿ ಹಾಕಿ ಪರದೆಯ ತುಂಬ ಹಸಿರು ಮಳೆ ಸುರಿಸಿದೆ. ಕುಸುನೋಕಿಗೆ ಫೋನು ಮಾಡಿ ಮಾಡಿ ಅವನ ಹೆಂಡತಿಗೂ ನನ್ನ ದನಿ ಗುರುತಾಯಿತು. ಹತ್ತನೆಯ ದಿನ ಮಧ್ಯಾಹ್ನ ಅಟ್ಟದಿಂದ ಇಳಿಸಿದ ದಪ್ಪ ಟಿವಿಯಲ್ಲಿ ಗದ್ದೆ ಮೂಡಿತು. ಆದರೆ ಅಡ್ಡಡ್ಡ. ನೀರು ಗೋಡೆಯ ಹಾಗೆ ನಿಂತಿತ್ತು, ಚಂದ್ರಗಳು ಎಡದಿಂದ ಏಳುತ್ತಿದ್ದವು. ಅಂಗಡಿಯ ಯಂತ್ರದಲ್ಲಿ ಪರದೆ ಉದ್ದಕ್ಕೆ ನಿಂತಿರುತ್ತಿತ್ತು ಎಂಬುದನ್ನೇ ಮರೆತಿದ್ದೆ.

ತೋಫು ಅಂಗಡಿಯ ಕೆಲಸ ಮುಗಿಸಿ ಬಂದ ಮಿಸಾವೊ, ಟಿವಿಯನ್ನು ತಬ್ಬಿಕೊಂಡು ಉಬ್ಬಸಪಡುತ್ತಿದ್ದ ನನ್ನನ್ನು ನೋಡಿದಳು.

"ಏನ್ ಮಾಡ್ತಿದೀಯ?"

"ಟಿವಿ ಮಲಗಿಸ್ತಿದೀನಿ."

"ಸೊಂಟ ಮುರ್ಕೋತೀಯ. ಅದನ್ಯಾಕೆ ಮಲಗಿಸ್ಬೇಕು, ನಾವೇ ಮಲ್ಕೊಂಡ್ರೆ ಆಯ್ತಲ್ಲ."

ಹಾಗೆಯೇ ಮಾಡಿದೆವು. ಕೊತಾತ್ಸುವಿನ ಮೇಜಿನಡಿ ಕಾವು ಹಚ್ಚಿ, ಅದರ ರಜಾಯಿಯನ್ನು ಎದೆಯವರೆಗೂ ಎಳೆದುಕೊಂಡು, ಇಬ್ಬರೂ ಬಲಮಗ್ಗುಲಾಗಿ ಮಲಗಿದೆವು. ಅವಳ ತಲೆ ನನ್ನ ಮುಂದೆ. ಮಲಗಿದ ಕೂಡಲೇ ಲೋಕ ಎದ್ದು ನಿಂತಿತು. ನೀರು ನೀರಾಯಿತು, ಚಂದ್ರಗಳು ಕೆಳಗಿನಿಂದ ಮೇಲಕ್ಕೆ ಬಂದವು, ನಮ್ಮ ಕೋಣೆ ಮಾತ್ರ ಒಂದು ಮಗ್ಗುಲಿಗೆ ವಾಲಿಕೊಂಡಿತು. ಕಿತ್ತಳೆ ಹಣ್ಣಿನ ಬುಟ್ಟಿ, ಕ್ಯಾಲೆಂಡರು, ಕಿಟಕಿಯ ಬಿಸಿಲು ಎಲ್ಲ ಗೋಡೆಗೆ ಅಂಟಿಕೊಂಡು ತೇಲುತ್ತಿದ್ದವು.

ಮಿಸಾವೊ ಗುಂಡಿಯ ಮೇಲೆ ಬೆರಳಿಟ್ಟಳು. ವಾಸಿಯಾದ ಅದೇ ಬೆರಳು. ನರಿ ಹಾರಿತು. ಹಿಂದೆಯೇ ಎರಡನೆಯದು, ಮೂರನೆಯದು. ಅವಳ ಉಸಿರು ನಿಂತದ್ದು ನನಗೆ ಕೇಳಿಸಿತು. ಹತ್ತು ದಾಟಿದ ಮೇಲೆ ಅವಳು ಉಸಿರಾಡತೊಡಗಿದಳು, ಇಪ್ಪತ್ತು ದಾಟಿದ ಮೇಲೆ ನಿದ್ದೆಯಲ್ಲಿ ನಡೆಯುವವಳಂತೆ ಹಗುರಾದಳು. ನನಗೆ ಕಣ್ಣು ಕೂಡಿಕೊಂಡು ಬಂತು. ಅರೆನಿದ್ದೆಯಲ್ಲಿ ನಾನೂ ಆ ಗದ್ದೆಯ ಬದುವಿನಲ್ಲಿದ್ದೆ, ಕಾಲಿಗೆ ತಣ್ಣನೆಯ ನೀರು ತಾಗುತ್ತಿತ್ತು, ಏಪ್ರನ್ ಕಟ್ಟಿದ ಹುಡುಗಿ ಚಂದ್ರನಿಂದ ಚಂದ್ರನಿಗೆ ಹಾರುತ್ತಾ ಹೋಗುತ್ತಿದ್ದಳು. ಅವಳ ಜೇಬಿನಲ್ಲಿ ಚಿಲ್ಲರೆ ಸದ್ದು ಮಾಡುತ್ತಿತ್ತು. ಅವಳನ್ನು ಕರೆಯಬೇಕೆಂದು ಬಾಯಿ ತೆರೆದೆ, ದನಿ ಬರಲಿಲ್ಲ. ಎಚ್ಚರವಾದಾಗ ನರಿ ಆಚೆ ದಡದಲ್ಲಿ ಕೂತು ಬಾಲ ಅಲ್ಲಾಡಿಸುತ್ತಿತ್ತು, ಮಿಸಾವೊ ಅಳುತ್ತಿದ್ದಳು.

"ನಲವತ್ತು, ತೆತ್ಸು! ನಲವತ್ತೂ ದಾಟಿಸ್ದೆ! ನನ್ ಕೈ ಎಲ್ಲೂ ಹೋಗಿಲ್ಲ ಕಣೋ!"

ನನಗೂ ಕಣ್ಣು ತುಂಬಿತು. ಅವಳು ಗುಂಡಿಯ ಪೆಟ್ಟಿಗೆಯನ್ನು ನನ್ನತ್ತ ತಳ್ಳಿದಳು. "ನೀನೂ ಆಡು, ಹೆಬ್ಬೆಟ್ಟು! ಎರಡನೇ ಚಂದ್ರ ಆದ್ರೂ ಮುಟ್ಟು ನೋಡೋಣ."

ನಾನು ಮೊದಲನೆಯದಕ್ಕೇ ಮುಳುಗಿದೆ. ಇಬ್ಬರೂ ನಕ್ಕೆವು. ಮತ್ತೆ ಒತ್ತಿದೆ, ಮತ್ತೆ ಮುಳುಗಿದೆ. ಹತ್ತನೆಯ ಸಲಕ್ಕೆ ಅವಳ ನಗು ನಿಂತಿತು. ಚಂದ್ರ ಮೇಲೆದ್ದದ್ದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಒತ್ತಬೇಕು ಎಂದು ನಿರ್ಧರಿಸುತ್ತಿದ್ದೆ, ಒತ್ತುತ್ತಿದ್ದೆ. ಆ ನಿರ್ಧಾರ ತೋಳು ಇಳಿದು ಬೆರಳಿಗೆ ಬರುವಷ್ಟರಲ್ಲಿ ಚಂದ್ರ ಇಳಿಯುತ್ತಿತ್ತು. ಯಂತ್ರವನ್ನು ಬೈಯುವ ಹಾಗೂ ಇರಲಿಲ್ಲ, ಅದೇ ಯಂತ್ರ, ಅದೇ ಗುಂಡಿ, ಈಗ ತಾನೆ ಅವಳು ದಾಟಿಸಿದ್ದಳು.

"ಹಂಗಾದ್ರೆ ಆವತ್ತು ನಾನು ಸರಿಯಾಗೇ ಕೂಗಿದ್ದೆ" ಅಂದಳು ಮಿಸಾವೊ, ತನಗೆ ತಾನೇ ಹೇಳಿಕೊಳ್ಳುವಂತೆ. ಮಾತು ಹೊರಬಿದ್ದ ಮೇಲೆ ಅದರ ಅರ್ಥ ಅವಳಿಗೆ ಹೊಳೆಯಿತು. ನನಗೂ ಹೊಳೆಯಿತು. ಅವಳು "ಹೊಯ್" ಅಂದಿದ್ದಳು, ಕೊಡತಿ ಬಿದ್ದೆದ್ದಿರಬೇಕಾದ ಹೊತ್ತಿಗೆ ಕೈ ಹಾಕಿದ್ದಳು. ನನ್ನ ಕೊಡತಿ ಇನ್ನೂ ದಾರಿಯಲ್ಲಿತ್ತು.

ಇಬ್ಬರೂ ಅಡ್ಡ ಮಲಗಿಕೊಂಡೇ ಇದ್ದೆವು. ಪರದೆಯಲ್ಲಿ ನರಿ ದಡದಲ್ಲಿ ಕಾಯುತ್ತಿತ್ತು.

"ಯಾರಿಗೂ ಹೇಳ್ಬೇಡ" ಅಂದಳು ಕೊನೆಗೆ.

"ನೀನು ಸುಮ್ನೆ ಹೆಸರು ಕೆಡಿಸ್ಕೋತೀಯ" ಅಂದೆ.

"ನನಗೆ ಗೊತ್ತಾಯ್ತಲ್ಲ, ಅಷ್ಟು ಸಾಕು. ನಿನಗೆ ಆ ಕೊಡತಿ ಬಿಟ್ರೆ ಓಣಿಲಿ ಇನ್ನೇನಿದೆ? ಸೈಕಲ್ ಚಕ್ರ ಬಿಗಿಯೋದು ನೋಡೋಕೆ ಜನ ಸೇರ್ತಾರಾ?"

ಅವಳು ಹೇಳಿದ್ದು ನಿಜ, ಅದಕ್ಕೇ ಮೈ ಉರಿಯಿತು. ವರ್ಷಕ್ಕೊಂದು ದಿನ ನಾನು ಗಂಡಸಾಗಿ ಮೆರೆಯುತ್ತಿದ್ದೆ, ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲಿನ ಮೂರು ವಾರ ಅವಳು ಕೆಲಸಕ್ಕೆ ಹೋದೊಡನೆ ಅಂಗಡಿಗೆ ಹೋಗದೆ ಕೊತಾತ್ಸುವಿನಲ್ಲಿ ಅಡ್ಡ ಮಲಗಿ ನರಿಯನ್ನು ಮುಳುಗಿಸಿದೆ. ಅಭ್ಯಾಸದಿಂದ ಸರಿಹೋದೀತೆಂಬ ಆಸೆ. ಬೋರ್ಡಿನ ಪುಟ್ಟ ಫ್ಯಾನು ಬೆಳಗಿನಿಂದ ಮಧ್ಯಾಹ್ನದವರೆಗೂ ಗುಂಯ್ ಅನ್ನುತ್ತಿತ್ತು. ಒಮ್ಮೊಮ್ಮೆ ಚಂದ್ರ ಏಳುವ ಮೊದಲೇ ಊಹೆಯ ಮೇಲೆ ಒತ್ತಿ ಒಂದೆರಡು ದಾಟಿಸಿದ್ದೂ ಉಂಟು. ಅದು ನನಗೆ ಸಮಾಧಾನ ಕೊಡಲಿಲ್ಲ. ಕಳ್ಳತನ ಮಾಡಿದಂತೆ ಆಗುತ್ತಿತ್ತು.

ಇಪ್ಪತ್ತೆಂಟು ಬಂದೇ ಬಂತು. ಬೆಳಗಿನ ಬಿಸಿಲಿನಲ್ಲಿ ಓಣಿಯ ತುಂಬ ಉಗಿ. ಹಾತಾನಾಕಾ ಪಟ್ಟಿ ನೋಡಿ ಹೆಸರು ಕೂಗಿದ. ಅನ್ನ ಒರಳಿಗೆ ಬಿತ್ತು. ನಾನು ಕೊಡತಿ ಹಿಡಿದೆ, ಹೂವಿನಂಗಡಿಯ ರಿತ್ಸು ಎದುರಿಗೆ ಮಂಡಿಯೂರಿದಳು. ಮೂವತ್ತರ ಹೆಂಗಸು, ಗುಲಾಬಿ ಮುಳ್ಳು ಗೀಚಿದ ಕೈಗಳು. ಮಿಸಾವೊ ದೂರದಲ್ಲಿ ಉಂಡೆ ಕಟ್ಟುವ ಮುದುಕಿಯರ ಸಾಲಿನಲ್ಲಿ ಕೂತಿದ್ದಳು. ತಲೆ ಎತ್ತಲಿಲ್ಲ.

"ತೆತ್ಸುಜಿಸಾನ್, ನನಗೆ ಹೊಸದು. ಸ್ವಲ್ಪ ನೋಡ್ಕೊಂಡು ಹೊಡೀರಿ ಆಯ್ತಾ?" ಎಂದು ನಗುತ್ತಾ ಕೈ ಒದ್ದೆ ಮಾಡಿಕೊಂಡಳು ರಿತ್ಸು.

ನಾನು ಕೊಡತಿ ಎತ್ತಿದೆ. "ಹೊಯ್" ಅಂದಳು. ನನ್ನ ತೋಳು ಮೇಲೆಯೇ ನಿಂತಿತು. ಆ ಕೈ ಒರಳಿನೊಳಗೆ ಹೋಗಿ ಬಂತು, ಕೊಡತಿ ಇನ್ನೂ ಆಕಾಶದಲ್ಲಿತ್ತು. ನಾನು ಅದನ್ನು ಹಿಂದಕ್ಕೆ ಇಳಿಸಿ ನೆಲಕ್ಕೆ ಒರಗಿಸಿದೆ.

"ಏನಾಯ್ತು ಮಾರಾಯಾ, ಅನ್ನ ಆರೋಗುತ್ತೆ!" ಅಂದ ಹಾತಾನಾಕಾ.

"ಹೋದ ವರ್ಷ ತಡ ಆಗಿದ್ದು ಮಿಸಾವೊ ಕೈ ಅಲ್ಲ. ನನ್ ಕೊಡತಿ."

"ಬಿಡಪ್ಪ, ಆಗಿದ್ದು ಆಗೋಯ್ತು. ಈಗ್ಯಾಕೆ ಅದೆಲ್ಲ?"

"ಈಗ ಹೇಳ್ದೇ ಇದ್ರೆ ಈ ಹುಡುಗಿ ಕೈ ಜಜ್ಜೋಗುತ್ತೆ. ನನ್ ತೋಳು ಕೂಗಿಗೆ ಓಗೊಡ್ತಿಲ್ಲ. ಮಿಸಾವೊ ಸರಿಯಾಗೇ ಕೂಗಿದ್ಲು. ನೀವೆಲ್ಲ ಅವಳ ಮೇಲೆ ಹಾಕಿದ್ರಿ, ನಾನು ಹೌದು ಅಂದೆ."

ನಾನು ಹೆಂಡತಿಯ ಕಡೆ ತಿರುಗಿ ಸೊಂಟ ಬಗ್ಗಿಸಿ ತಲೆ ತಗ್ಗಿಸಿದೆ. ಮದುವೆಯಾಗಿ ಮೂವತ್ತನಾಲ್ಕು ವರ್ಷ, ನಾಲ್ಕು ಜನರ ಎದುರು ಅವಳಿಗೆ ತಲೆಬಾಗಿದ್ದು ಅದೇ ಮೊದಲು. ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಎದೆ ಮಾತ್ರ ಹಗುರಾಗಿತ್ತು.

ಮಿಸಾವೊ ಎದ್ದು ಬಂದಳು. ನನ್ನ ಮುಖ ನೋಡಲಿಲ್ಲ. ಅಂಗಿಯ ತೋಳು ಮಡಚಿ ಒರಳಿನ ಪಕ್ಕ ಮಂಡಿಯೂರಿ, "ರಿತ್ಸು, ನೀನು ಕೊಡತಿ ತಗೊ. ನನ್ ಕೈ ನೋಡ್ಬೇಡ, ಕೂಗು ಕೇಳು, ಸಾಕು" ಅಂದಳು. ಹಾತಾನಾಕಾ ಪಟ್ಟಿಯಲ್ಲಿ ಏನೋ ಗೀಚಿ ತಿದ್ದಿಕೊಂಡ. ನಾನು ಅವಳು ಬಿಟ್ಟು ಬಂದ ಜಾಗದಲ್ಲಿ, ಮುದುಕಿಯರ ನಡುವೆ ಕೂತೆ.

"ಹೊಯ್." ಪೆಟ್ಟು ಬಿತ್ತು, ಕೈ ಹೋಯಿತು, ಕೈ ಬಂತು. "ಹೊಯ್." ಅವಳ ಕೆನ್ನೆ ಕೆಂಪಾಯಿತು. ಆ ಕೊಡತಿಯನ್ನು ಇನ್ನೆಂದೂ ನಾನು ಎತ್ತುವುದಿಲ್ಲ ಎಂದು ನನಗೆ ತಿಳಿದಿತ್ತು. ದುಃಖವಾಯಿತು, ಸುಳ್ಳು ಹೇಳುವುದಿಲ್ಲ.

ಮೊದಲ ಒಬ್ಬೆ ಮುಗಿದಾಗ ಅವಳೇ ಹಿಟ್ಟನ್ನು ಹೊತ್ತು ತಂದು ನನ್ನ ಮುಂದಿನ ಹಲಗೆಗೆ ಹಾಕಿದಳು. ಎಲ್ಲರೂ ನೋಡುತ್ತಿದ್ದಂತೆ ತನ್ನ ಒದ್ದೆ ಕೈಯಿಂದ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಕೈ ಬೆಚ್ಚಗಿತ್ತು.

"ನಿಧಾನಕ್ಕೆ ಕಟ್ಟು" ಅಂದಳು. "ಇಲ್ಲಿ ಯಾರಿಗೂ ಅವಸರ ಇಲ್ಲ."