ಒಳಗಿನ ಚಿಲಕ

ಕ್ಷೌರಿಕ ಬಾಗಿಲಿನ ಕೊನೆಯ ತಿರುಪು ಬಿಚ್ಚುತ್ತಿರುವಾಗಲೇ ನಗರಸಭೆಯ ಗುಮಾಸ್ತ ಬೀಗ, ಅರಗು ಹಿಡಿದು ಮೆಟ್ಟಿಲು ಹತ್ತಿ ಬಂದ. ಬೀದಿಯಲ್ಲಿ ಮಲಗುವವರಿಗಾಗಿ ನಗರಸಭೆ ನಡೆಸುತ್ತಿದ್ದ ಮನೆ ಅದು, ಇಪ್ಪತ್ತು ಕೋಣೆಗಳು. ಈ ವರ್ಷ ಅನುದಾನ ಕಡಿತವಾಗಿತ್ತು. ಖಾಲಿಯಾದ ಕೋಣೆಯನ್ನು ಮುಚ್ಚಬೇಕೆಂದು ಆದೇಶ. ಒಂಬತ್ತನೆಯ ಕೋಣೆಯ ಬಡಗಿ ಆ ದಿನ ಬೆಳಗ್ಗೆ ತೀರಿಕೊಂಡಿದ್ದ.

ಬಾಗಿಲನ್ನೇಕೆ ಬಿಚ್ಚುತ್ತಿದ್ದೀರಿ ಎಂದು ಗುಮಾಸ್ತ ಕೇಳಿದ.

"ಅವನೇ ಮಾಡಿದ ಬಾಗಿಲು. ಸ್ಮಶಾನಕ್ಕೆ ಅದರ ಮೇಲೇ ಹೋಗ್ತಾನೆ," ಎಂದ ಪಕ್ಕದ ಕೋಣೆಯಲ್ಲಿದ್ದ ಆ ಕ್ಷೌರಿಕ. "ನೀವು ಗಾಳಿಗೆ ಬೀಗ ಹಾಕ್ಕೊಳ್ಳಿ ಸ್ವಾಮಿ."

ಗುಮಾಸ್ತ ಪಡಸಾಲೆಯ ಸ್ಟೂಲಿನ ಮೇಲೆ ಕುಳಿತ. ಬಾಗಿಲು ಮರಳಿ ಬರುವವರೆಗೆ ಅವನಿಗೆ ಬೇರೆ ಕೆಲಸವಿರಲಿಲ್ಲ.

*

ಹನ್ನೆರಡು ವರ್ಷ ಸೇತುವೆಯ ಕೆಳಗೆ ಉಳಿ, ಗರಗಸಗಳನ್ನು ತಲೆದಿಂಬು ಮಾಡಿಕೊಂಡು ಮಲಗಿದವನು ಆ ಬಡಗಿ. ಇಲ್ಲಿಗೆ ಬಂದಾಗ ಮಂಚವನ್ನು ನೋಡಲಿಲ್ಲ, ಬಾಗಿಲನ್ನು ನೋಡಿದ. ಚಿಲಕ ಹೊರಗಡೆಗಿತ್ತು. ಮೂರು ದಿನ ಪಡಸಾಲೆಯಲ್ಲೇ ಕುಳಿತ. ಮೇಲ್ವಿಚಾರಕಿ ಅಮ್ಮ ಊಟವನ್ನು ಅಲ್ಲಿಗೇ ತಂದು, ಒಳಗೆ ಬಾರಪ್ಪ ಎಂದು ಬೇಡಿಕೊಂಡರು.

"ಹೊರಗಡೆ ಚಿಲಕ ಕೊಟ್ಟಿಗೆಗಿರುತ್ತೆ ಅಮ್ಮ. ಮನೆಗೆ ಒಳಗಿರುತ್ತೆ."

ನಾಲ್ಕನೆಯ ದಿನ ಅಮ್ಮ ಹಲಗೆ, ಮೊಳೆ ತರಿಸಿಕೊಟ್ಟರು. ಅವನು ತನ್ನ ಬಾಗಿಲನ್ನು ಹೊಸದಾಗಿ ಮಾಡಿದ. ಉಳಿದ ಹತ್ತೊಂಬತ್ತು ಕೋಣೆಗಳ ಚಿಲಕಗಳನ್ನೂ ಯಾರೂ ಹೇಳದೆಯೇ ಒಳಗೆ ಹಾಕಿದ.

ಹೋದ ವಾರ ಅಮ್ಮನನ್ನು ಕರೆದು ತಾನು ಹೋದ ಮೇಲೆ ತನ್ನ ಕೋಣೆಗೆ ಸೂಜಿಯಮ್ಮನನ್ನು ಕರೆತರಬೇಕೆಂದು ಮಾತು ತೆಗೆದುಕೊಂಡ. ಬಸ್ ನಿಲ್ದಾಣದಲ್ಲಿ ಹರಿದ ಚೀಲ ಹೊಲಿದುಕೊಂಡು ಅಲ್ಲೇ ಮಲಗುತ್ತಿದ್ದ ಮುದುಕಿ ಅವಳು. ಕೋಣೆಗಾಗಿ ಕಾಯುವವರ ಪಟ್ಟಿಗೆ ಅವಳ ಹೆಸರು ಸೇರಿ ಎರಡು ವರ್ಷವಾಗಿತ್ತು.

*

ಮಣ್ಣು ಮುಚ್ಚಿದ ಮೇಲೆ ಅಮ್ಮ ಕೈಮುಗಿದರು. "ದೇವರೇ, ಇವನನ್ನ ಬಾಗಿಲಲ್ಲಿ ಕಾಯಿಸ್ಬೇಡ. ಇಲ್ಲಿ ಕಾದದ್ದೇ ಸಾಕು."

ಹಿಂದಿರುಗುವಾಗ ಎಲ್ಲರೂ ಬಸ್ ನಿಲ್ದಾಣದ ಮುಂದೆ ನಿಂತರು. ಸೂಜಿಯಮ್ಮ ಗಂಟು ಕಟ್ಟಿಕೊಂಡೇ ಕುಳಿತಿದ್ದಳು.

"ಬೀಗ ಹಾಕೋನು ಬಂದಿದ್ದಾನಂತಲ್ಲ?"

"ಬಂದಿದ್ದಾನೆ," ಎಂದ ಕ್ಷೌರಿಕ. "ಬಾಗಿಲು ನಮ್ಮ ಹೆಗಲ ಮೇಲಿದೆ, ನಡಿ ಅಜ್ಜಿ."

ಎಲ್ಲರೂ ಮನೆಗೆ ಬಂದಾಗ, ಗುಮಾಸ್ತ ಸ್ಟೂಲಿನಿಂದ ಏಳುವಷ್ಟರಲ್ಲಿ ಅವಳು ಅವನನ್ನು ದಾಟಿ ಒಂಬತ್ತನೆಯ ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತಳು. ಹೊಸಬರನ್ನು ಸೇರಿಸುವಂತಿಲ್ಲ, ವರದಿ ಮಾಡಬೇಕಾಗುತ್ತದೆ ಎಂದು ಅವನು ತಡವರಿಸಿದ.

"ಮಾಡು," ಎಂದರು ಅಮ್ಮ. "ಆದೇಶ ಖಾಲಿ ಕೋಣೆಗೆ. ಇದ್ರಲ್ಲಿ ಜನ ಇದ್ದಾರೆ. ಹೆಣ ಹೊತ್ತ ದಿನವೇ ಜನ ಇದ್ರು ಅಂತ ಬರ್ಕೋ. ಸೇರಿಸಿದ್ದು ನಾನು ಅಂತಾನೂ ಬರ್ಕೋ. ನನ್ನ ಕೆಲಸ ಹೋಗುತ್ತೆ ಅಷ್ಟೇ."

ಗುಮಾಸ್ತ ಏನನ್ನೂ ಬರೆಯಲಿಲ್ಲ. ಬಾಗಿಲನ್ನು ಮತ್ತೆ ಚೌಕಟ್ಟಿಗೆ ಕೂರಿಸುವಾಗ ಒಂದು ತಿರುಪು ಕಡಿಮೆಬಿತ್ತು. ಅವನು ಬಗ್ಗಿ ತನ್ನ ಸ್ಟೂಲಿನ ಕೆಳಗಿದ್ದುದನ್ನು ಹೆಕ್ಕಿ ಕ್ಷೌರಿಕನ ಅಂಗೈಯಲ್ಲಿಟ್ಟ.

ಹಲಗೆಗೆ ಮೆತ್ತಿದ್ದ ಗೋರಿಯ ಮಣ್ಣನ್ನು ಯಾರೂ ಒರೆಸಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಪಡಸಾಲೆಯಲ್ಲಿ ಬೀಗ ಹಿಡಿದು ನಿಂತವನ ಮುಂದೆ, ಒಳಗಿನಿಂದ ಚಿಲಕ ಬಿತ್ತು.